ಖಂಡೇನವಮಿಯ ಟ್ರ್ಯಾಕ್ಟರು ಮತ್ತು ಹಳೆಯ ಎಣ್ಣೆ

ಊರಿನಲ್ಲಿ ಹೊಲವಿದ್ದು ಪುಣೆಯಲ್ಲೋ ಮುಂಬಯಿಯಲ್ಲೋ ಸಂಬಳಕ್ಕೆ ದುಡಿಯುವ ನಮ್ಮಂಥವರ ಮನೆಗಳಲ್ಲಿ ಒಂದು ವಾಡಿಕೆ ಬೆಳೆದುಬಂದಿದೆ. ಖಂಡೇನವಮಿಗೆ ಊರಿಗೆ ಹೋಗುತ್ತೇವೆ. ಪತ್ರಾಸಿನ ಕೊಟ್ಟಿಗೆಯಲ್ಲಿ ವರ್ಷವಿಡೀ ನಿಂತಿದ್ದ ಟ್ರ್ಯಾಕ್ಟರನ್ನು ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಐದು ನಿಮಿಷ ಚಾಲು ಮಾಡುತ್ತೇವೆ. ಹೊಗೆ ಬಂದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಒಂದೆರಡು ಫೋಟೋ ತೆಗೆಯುತ್ತೇವೆ. ಬಂದ್ ಮಾಡಿ, ಕೀಲಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟು, ಮರುದಿನದ ಬಸ್ಸು ಹಿಡಿಯುತ್ತೇವೆ. ಈ ವಾಡಿಕೆಯನ್ನು ನಿಲ್ಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೀಗೆ ಹೇಳುವ ಅಧಿಕಾರ ನಮಗೆ ಬಂದದ್ದು ಓದಿನಿಂದಲ್ಲ, ಪೆಟ್ಟು ತಿಂದು.

ದೊಡ್ಡಣ್ಣನ ಮಂಡಿನೋವು ಹೆಚ್ಚಾಗಿ ಹೊಲವನ್ನು ಪಾಲಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಪಾಲಿಗೆ ಮಾಡುವವನ ಹತ್ತಿರ ಸ್ವಂತ ಟ್ರ್ಯಾಕ್ಟರ್ ಇದೆ. ನಮ್ಮದಕ್ಕೆ ಕೆಲಸ ಉಳಿಯಲಿಲ್ಲ. ಕಳೆದ ನವಮಿಯಂದು ಅದು ಒಂದು ನಿಮಿಷ ಗೊರಗೊರ ಎಂದು, ಬಿಳಿ ಹೊಗೆ ಉಗುಳಿ, ನಿಂತುಹೋಯಿತು. ಎಣ್ಣೆ ಕಡಿಮೆಯಾಗಿರಬೇಕೆಂದು ಬಂಕಿನಿಂದ ಐದು ಲೀಟರ್ ತಂದು ಮೇಲಿನಿಂದ ಸುರಿದೆವು. ಕೀಲಿ ತಿರುವಿದೆವು, ಮತ್ತೆ ತಿರುವಿದೆವು, ಬ್ಯಾಟರಿ ಸೋಲುವ ತನಕ ತಿರುವಿದೆವು. ಮರುದಿನ ಬಂದ ಮಿಸ್ತ್ರಿ ಮಾತನಾಡದೆ ಟ್ಯಾಂಕಿನ ತಳದ ನಟ್ಟು ಸಡಿಲಿಸಿ ಕೆಳಗೊಂದು ಬುಟ್ಟಿ ಇಟ್ಟ. ಮೊದಲು ಬಂದದ್ದು ನೀರು. ಅದರ ಹಿಂದೆ ಲೋಳೆಯಂಥ ಕಪ್ಪು ವಸ್ತು. ಆಮೇಲೆ, ಕಾಯಿಸಿ ಕಾಯಿಸಿ ಕೆಟ್ಟ ಚಹಾದ ಬಣ್ಣದ ಡೀಸೆಲ್ಲು.

"ಸಾಹೇಬ್ರ, ಈ ಎಣ್ಣಿ ಯಾವಾಗ ಹಾಕ್ಸಿದ್ದ್ರಿ?" ಎಂದು ಕೇಳಿದ.

ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ದೊಡ್ಡಣ್ಣ ಮಾತ್ರ ಗೋಡೆಯ ಕಡೆ ನೋಡುತ್ತ, "ಕಡೀ ಸಲ ಜೋಳ ಬಿತ್ತಿದಾಗ" ಎಂದ.

ಡೀಸೆಲ್ಲು ಕೆಡುತ್ತದೆ ಎಂದರೆ ನಮ್ಮ ಹಿರಿಯರು ನಂಬುವುದಿಲ್ಲ. ನೆಲದೊಳಗೆ ಕೋಟ್ಯಂತರ ವರ್ಷ ಕೆಡದೆ ಇದ್ದ ಎಣ್ಣೆ ನಮ್ಮ ಟ್ಯಾಂಕಿನಲ್ಲಿ ನಾಲ್ಕು ವರ್ಷಕ್ಕೆ ಕೆಡುತ್ತದೆಯೇ ಎಂಬುದು ಅವರ ತರ್ಕ; ಕೇಳಲು ಸೊಗಸಾಗಿದೆ. ಆದರೆ ನೆಲದೊಳಗೆ ಗಾಳಿಯಾಡುವುದಿಲ್ಲ. ಶುದ್ಧೀಕರಣ ಘಟಕದಿಂದ ಹೊರಬಂದ ಡೀಸೆಲ್ಲು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಬೆರೆತು ಅಂಟನ್ನೂ ಗಷ್ಟನ್ನೂ ಹುಟ್ಟಿಸುತ್ತದೆ. ತಂಪಾದ, ಒಣಗಿದ, ಮುಚ್ಚಿದ ಪಾತ್ರೆಯಲ್ಲಿ ಅದು ಆರು ತಿಂಗಳಿಂದ ಒಂದು ವರ್ಷ ಚೆನ್ನಾಗಿರುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ತಂಪು ಎಲ್ಲಿಂದ ಬರಬೇಕು?

ಇನ್ನು ನೀರಿನ ಕತೆ. ಅರೆಬರೆ ತುಂಬಿದ ಟ್ಯಾಂಕು ಉಸಿರಾಡುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿಯ ತಂಪಿಗೆ ಹೊರಗಿನ ಗಾಳಿ ತೇವವನ್ನು ಹೊತ್ತು ಒಳಬರುತ್ತದೆ. ತಣ್ಣಗಾದ ತಗಡಿನ ಒಳಮೈಗೆ ಆ ತೇವ ಹನಿಗಟ್ಟಿ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳ ಸೇರಿ ಅಲ್ಲಿಯೇ ಉಳಿಯುತ್ತದೆ. ಎಣ್ಣೆಯೂ ನೀರೂ ಸೇರುವ ಆ ಗೆರೆಯಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ನೀರಿನಲ್ಲಿದ್ದು ಎಣ್ಣೆಯನ್ನು ತಿನ್ನುತ್ತವೆ. ಹೀಗೆ ಬದುಕುವ ಬೂಷ್ಟುಗಳಲ್ಲಿ ಒಂದಕ್ಕೆ ಸೀಮೆಎಣ್ಣೆ ಬೂಷ್ಟು ಎಂದೇ ಹೆಸರಿದೆ. ಮಿಸ್ತ್ರಿಯ ಬುಟ್ಟಿಗೆ ಬಿದ್ದ ಕಪ್ಪು ಲೋಳೆ ಈ ಸಂಸಾರದ್ದು. ನಾವು ಮೇಲಿನಿಂದ ಸುರಿದ ಐದು ಲೀಟರ್ ಹೊಸ ಎಣ್ಣೆ ಮಾಡಿದ ಉಪಕಾರವೆಂದರೆ, ತಳದಲ್ಲಿ ತನ್ನ ಪಾಡಿಗೆ ತಾನು ಕುಳಿತಿದ್ದ ಇದನ್ನೆಲ್ಲ ಕದಡಿ ಫಿಲ್ಟರಿನ ದಾರಿಗೆ ಹಚ್ಚಿದ್ದು.

ಫಿಲ್ಟರು ಕಟ್ಟಿಕೊಂಡರೆ ನಷ್ಟ ಸಣ್ಣದು, ಬದಲಾಯಿಸಿದರಾಯಿತು. ಅದನ್ನು ದಾಟಿ ಹೋದದ್ದು ಪಂಪಿಗೆ ಮುಟ್ಟುತ್ತದೆ. ಊರಿನ ಮಿಸ್ತ್ರಿಗಳು ಈಗಲೂ ಅದನ್ನು ಮೈಕೋ ಪಂಪು ಎನ್ನುತ್ತಾರೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳ್ಳಿಯ ಗ್ಯಾರೇಜುಗಳಲ್ಲಿ ಹಳೆಯ ಹೆಸರೇ ನಡೆಯುತ್ತಿದೆ. ಆ ಪಂಪಿನೊಳಗೆ ಒಂದು ಉಕ್ಕಿನ ಕಡ್ಡಿ ಉಕ್ಕಿನ ಕೊಳವೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನು. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನು ದಪ್ಪ. ಆ ಸಂದಿಗೆ ಬೇರೆ ಗ್ರೀಸಿಲ್ಲ, ಹರಿಯುವ ಡೀಸೆಲ್ಲೇ ಅದಕ್ಕೆ ಜಾರೆಣ್ಣೆ. ಅಲ್ಲಿಗೆ ನೀರು ಹೋದರೆ ತುಕ್ಕು, ಅಂಟು ಹೋದರೆ ಕಡ್ಡಿ ಕಚ್ಚಿಕೊಳ್ಳುತ್ತದೆ. ನಮ್ಮ ಪಂಪನ್ನು ಬಿಚ್ಚಿ ಪಟ್ಟಣಕ್ಕೆ ಒಯ್ಯಬೇಕಾಯಿತು. ದುರಸ್ತಿಗೆ ತೆತ್ತ ಹಣ ಟ್ಯಾಂಕಿನಲ್ಲಿದ್ದ ಎಣ್ಣೆಯ ಬೆಲೆಯ ಹಲವು ಪಟ್ಟು.

ಕೀಲಿಗೆ ಕೈ ಹಾಕುವ ಮೊದಲು ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕಿತ್ತು. ಸಾಧ್ಯವಾದರೆ ಕೆಳಗಿಳಿಸಿ ಹೊಸ ಡೀಸೆಲ್ಲಿನಿಂದ ಕಲಕಿ ತೊಳೆಯಬೇಕು. ಗಾಜಿನ ಬಟ್ಟಲಿದ್ದರೆ ಅದನ್ನು ಬಿಚ್ಚಿ ಒರೆಸಿ, ಎರಡೂ ಫಿಲ್ಟರುಗಳನ್ನು ಹೊಸದಾಗಿ ಹಾಕಬೇಕು. ಆಮೇಲೆ ಹೊಸ ಎಣ್ಣೆ ತುಂಬಿ, ಫಿಲ್ಟರಿನ ತಲೆಯ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಗುಳ್ಳೆಗಳು ನಿಲ್ಲುವವರೆಗೆ ಏರ್ ತೆಗೆಯಬೇಕು. ಇದರ ಜೊತೆಗೆ ಎಂಜಿನ್ ಆಯಿಲು, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟಿರಬಹುದಾದ ಇಲಿ, ಅಂಟಿಕೊಂಡ ಕ್ಲಚ್ ಪ್ಲೇಟು. ಇವು ಮಿಸ್ತ್ರಿಗಳಿಗೆ ತಿಳಿದ ವಿಷಯ. ನಮ್ಮಂಥವರು ತಿಳಿಯಬೇಕಾದದ್ದು ಇನ್ನೊಂದಿದೆ. ಬಹುಕಾಲ ನಿಂತ ಪಂಪಿನಲ್ಲಿ ಎಣ್ಣೆಯ ಪ್ರಮಾಣವನ್ನು ಹಿಡಿತದಲ್ಲಿಡುವ ಸರಳು ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿರಬಹುದು. ಆಗ ಎಂಜಿನ್ ಚಾಲು ಆದ ಕೂಡಲೇ ವೇಗ ಏರುತ್ತಲೇ ಹೋಗುತ್ತದೆ, ಸ್ಟಾಪ್ ಗುಂಡಿ ಎಳೆದರೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಸಲ ಚಾಲು ಮಾಡುವಾಗ ಎಣ್ಣೆ ಕಡಿಯಲು ಅಥವಾ ಗಾಳಿಯ ಬಾಯನ್ನು ಹಲಗೆಯಿಂದ ಮುಚ್ಚಲು ಒಬ್ಬ ತಿಳಿದವ ಸಿದ್ಧನಾಗಿ ನಿಂತಿರಬೇಕು. ನಾವು ಆ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿ ಕೀಲಿ ತಿರುವಿದ್ದೆವು. ಈಗ ನೆನೆದರೆ ಎದೆ ಜುಮ್ಮೆನ್ನುತ್ತದೆ.

ಹಳೆಯ ಎಣ್ಣೆಯನ್ನು ಚೆಲ್ಲುವುದೆಂದರೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರ ಕೈ ಬರುವುದಿಲ್ಲ. ಹೊಸದಕ್ಕೆ ಬೆರೆಸಿದರೆ ನಡೆಯುತ್ತದೆ ಎನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ. ಒಂದು ಹಂಗಾಮು ನಿಂತ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ನೀರಿನ ಗೆರೆ ಇಲ್ಲ, ಬಣ್ಣ ತಿಳಿಯಾಗಿದೆ, ವಾಸನೆ ಬಂಕಿನ ಎಣ್ಣೆಯಂತೆಯೇ ಇದೆ ಎಂದಾದರೆ, ಸೋಸಿ ಸ್ವಲ್ಪ ಸ್ವಲ್ಪವಾಗಿ ಹೊಸದರೊಂದಿಗೆ ಬೆರೆಸಿ ಬಳಸಬಹುದು. ಬಣ್ಣ ಕಪ್ಪಾಗಿದ್ದರೆ, ವಾರ್ನಿಷಿನಂಥ ಹುಳಿವಾಸನೆ ಇದ್ದರೆ, ಲೋಳೆಯ ಒಂದು ಎಳೆ ಕಂಡರೂ, ಅದನ್ನು ಎಂಜಿನ್ನಿಗೆ ಹಾಕುವುದು ಉಳಿತಾಯವಲ್ಲ. ನಾಲ್ಕು ವರ್ಷದ ಎಣ್ಣೆಗೆ ಪರೀಕ್ಷೆಯ ಅಗತ್ಯವೂ ಇಲ್ಲವೆಂದು ನಾವು ಹೇಳುತ್ತೇವೆ. ಮೊದಲಿನ ಡೀಸೆಲ್ ಹೀಗೆ ಕೆಡುತ್ತಿರಲಿಲ್ಲ ಎಂದು ದೊಡ್ಡಣ್ಣ ವಾದಿಸಿದ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಮಾರುವ ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿದದ್ದು ನಿಜ. ಗಂಧಕ ತೆಗೆಯುವ ಶುದ್ಧೀಕರಣದಲ್ಲಿ ಎಣ್ಣೆಯ ಸಹಜ ಜಾರುಗುಣವೂ ಒಂದಿಷ್ಟು ಹೋಗುವುದರಿಂದ ಅದನ್ನು ಬೇರೆಯಾಗಿ ಬೆರೆಸುತ್ತಾರೆ ಎಂಬುದೂ ನಿಜ. ಆದರೆ ಮೊದಲಿನ ಎಣ್ಣೆ ಕೆಡದಿದ್ದುದಕ್ಕೆ ಇನ್ನೂ ಸರಳವಾದ ಕಾರಣವಿದೆ. ಆಗ ಟ್ಯಾಂಕು ವಾರಕ್ಕೊಮ್ಮೆ ಖಾಲಿಯಾಗುತ್ತಿತ್ತು.

ಬರಿದು ಮಾಡಿದ ಎಣ್ಣೆಯನ್ನು ಎಲ್ಲಿಗೆ ಹಾಕುವುದು? ಬೇಲಿಯ ಗೂಟಗಳಿಗೆ ಗೆದ್ದಲು ಹಿಡಿಯದಂತೆ ಸುರಿಯಿರಿ ಎಂದರು ಒಬ್ಬರು. ಬದುವಿನ ಕಸ ಸಾಯುತ್ತದೆ ಎಂದರು ಇನ್ನೊಬ್ಬರು. ಕಸ ಸಾಯುವುದೇನೋ ಹೌದು, ಅಲ್ಲಿ ಮುಂದೆ ಹುಲ್ಲೂ ಹುಟ್ಟುವುದಿಲ್ಲ, ಮಣ್ಣಿನ ಹುಳುವೂ ಉಳಿಯುವುದಿಲ್ಲ. ನಮ್ಮ ಕೊಟ್ಟಿಗೆಯಿಂದ ಮೂವತ್ತು ಹೆಜ್ಜೆಗೆ ಬಾವಿಯಿದೆ. ಮಣ್ಣಿಗೆ ಸುರಿದದ್ದು ಮಳೆಯೊಂದಿಗೆ ಇಳಿದು ಎಲ್ಲಿಗೆ ಹೋಗುತ್ತದೆಂದು ಹೇಳಲು ವಿಜ್ಞಾನಿ ಬೇಕಿಲ್ಲ. ಬಾವಿಯ ನೀರಿನ ಮೇಲೆ ಕಾಮನಬಿಲ್ಲು ಆಡಿದರೆ ಆ ನೀರನ್ನು ಎಮ್ಮೆಯೂ ಮೂಸಿ ಬಿಡುತ್ತದೆ. ಒಲೆಗೂ ದೀಪಕ್ಕೂ ಅದು ಸಲ್ಲದು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲನ್ನು ಪರವಾನಗಿಯವರಿಗೆ ಒಪ್ಪಿಸುವ ಗ್ಯಾರೇಜಿಗೆ ಮುಟ್ಟಿಸುವುದೊಂದೇ ಸರಿಯಾದ ದಾರಿ. ಊರಿನಿಂದ ಅಂಥ ಗ್ಯಾರೇಜು ದೂರವಿದ್ದರೆ ಆ ದೂರವನ್ನು ಹೋಗಬೇಕು.

ಐದು ನಿಮಿಷದ ಚಾಲನೆಗೆ ಮರಳೋಣ. ಯಂತ್ರ ನಿಂತೇ ಇರುವುದಕ್ಕಿಂತ ಆಗಾಗ ಒಮ್ಮೆ ತಿರುಗಿಸುವುದು ಒಳ್ಳೆಯದಲ್ಲವೇ ಎಂದು ಬಳಗದ ಗೆಳೆಯರು ಕೇಳುತ್ತಾರೆ. ತಿರುಗಿಸಿದರೆ ಸಾಲದು, ಕಾಯಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಕೆಲಸ ಮಾಡಿ ಕಾದ ಎಂಜಿನ್ನಿನಿಂದ ಆ ಆವಿ ಹೊಗೆಯೊಂದಿಗೆ ಹೊರಟುಹೋಗುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಅದರ ಒಂದಂಶ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಹನಿಗಟ್ಟಿ ಉಳಿಯುತ್ತದೆ. ಐದು ನಿಮಿಷಕ್ಕೆ ಬಂದ್ ಮಾಡುವುದೆಂದರೆ ಯಂತ್ರದ ಹೊಟ್ಟೆಗೆ ನೀರು ಕುಡಿಸಿ ವರ್ಷದ ಮಟ್ಟಿಗೆ ಬೀಗ ಹಾಕಿದಂತೆ. ಮೇಲಾಗಿ ಟ್ಯಾಂಕಿನ ಹಳೆಯ ಎಣ್ಣೆ ಕರಗುವುದೇ ಇಲ್ಲ. ಚಾಲು ಮಾಡುವುದಾದರೆ ಒಂದು ತಾಸು ರೆಂಟೆ ಹೊಡೆಯಿರಿ, ಇಲ್ಲವೇ ಹೂವು ಕುಂಕುಮ ಏರಿಸಿ ಕೈ ಮುಗಿಯಿರಿ. ದೇವಿ ಹೊಗೆಯನ್ನು ಕೇಳಿಲ್ಲ. ಒಂದು ಹಂಗಾಮಿನ ಮಟ್ಟಿಗೆ ನಿಲ್ಲಿಸುವುದಿದ್ದರೆ, ತೇವದ ಗಾಳಿಗೆ ಜಾಗವಿಲ್ಲದಂತೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ. ವರ್ಷಕ್ಕೆ ಮೀರಿದರೆ ಎಣ್ಣೆ ತೆಗೆದುಬಿಡಿ.

ವರ್ಷ ವರ್ಷವೂ ನಿಲ್ಲುವುದೇ ಆದರೆ ಮಾರಬೇಕು, ಇಲ್ಲವೇ ದುಡಿಸುವವರ ಕೈಗೆ ಕೊಡಬೇಕು. ಇದನ್ನು ನಾವು ಮನೆಯಲ್ಲಿ ಹೇಳಿದಾಗ ದೊಡ್ಡಣ್ಣ ಬಹಳ ಹೊತ್ತು ಸುಮ್ಮನಿದ್ದ. "ಅದನ್ನೂ ಕೊಟ್ಟಬಿಟ್ರ, ನಾವು ಒಕ್ಕಲಿಗರು ಅಂತ ಹೇಳಾಕ ಮನ್ಯಾಗ ಏನ ಉಳೀತು, ತಮ್ಮಾ?" ಎಂದ. ಪುಣೆಯ ಫ್ಲ್ಯಾಟಿನ ಗೋಡೆಗೆ ಆ ಟ್ರ್ಯಾಕ್ಟರಿನ ಫೋಟೋ ಹಾಕಿಕೊಂಡಿರುವ ನಮ್ಮ ಬಾಯಲ್ಲಿ ಆ ಮಾತಿಗೆ ಉತ್ತರ ಬರಲಿಲ್ಲ. ಆದರೂ ಅಭಿಪ್ರಾಯ ಬದಲಾಗಿಲ್ಲ. ನಾವು ಬೇರೂರಲ್ಲಿದ್ದು ಊರಿನಲ್ಲಿ ಬೇರು ಉಳಿಸಿಕೊಳ್ಳಲು ಒಂದು ಯಂತ್ರವನ್ನು ಒಳಗಿಂದೊಳಗೆ ಕೊಳೆಸುತ್ತಿದ್ದೇವೆ. ಹಂಗಾಮಿನಲ್ಲಿ ಬಾಡಿಗೆ ಟ್ರ್ಯಾಕ್ಟರಿಗಾಗಿ ದಿನಗಟ್ಟಲೆ ಸರದಿ ಕಾಯುವವರು ಅದೇ ಓಣಿಯಲ್ಲಿದ್ದಾರೆ.

ಪಂಪು ಪಟ್ಟಣದಿಂದ ಬಂತು. ಮಿಸ್ತ್ರಿ ಏರ್ ತೆಗೆದು ಚಾಲು ಮಾಡಿದ. ಕೆಳಗಿನ ಓಣಿಯ ಹುಡುಗನೊಬ್ಬನಿಗೆ ಈ ಹಿಂಗಾರಿಗೆ ಟ್ರ್ಯಾಕ್ಟರು ಕೊಡಲು ದೊಡ್ಡಣ್ಣ ಒಪ್ಪಿದ್ದಾನೆ, ಮಾರಲು ಒಪ್ಪಿಲ್ಲ. ಹಳೆಯ ಎಣ್ಣೆಯಲ್ಲಿ ಮೇಲಿನ ತಿಳಿಯನ್ನು ಬಿಡಿಭಾಗ ತೊಳೆಯಲೆಂದು ಮಿಸ್ತ್ರಿ ಒಯ್ದ. ತಳದ ಕಪ್ಪು ಒಂದು ಕ್ಯಾನಿನಷ್ಟು ಉಳಿದಿದೆ. ಅದರ ಮೇಲೆ "ಕೆಟ್ಟ ಎಣ್ಣೆ, ಯಾರೂ ಮುಟ್ಟಬಾರದು" ಎಂದು ಸುಣ್ಣದಲ್ಲಿ ಬರೆದು ಕೊಟ್ಟಿಗೆಯ ಮೂಲೆಯಲ್ಲಿಟ್ಟು ಬಂದಿದ್ದೇವೆ. ದೀಪಾವಳಿಗೆ ಹೋದಾಗ ಪಟ್ಟಣದ ಗ್ಯಾರೇಜಿಗೆ ಮುಟ್ಟಿಸಬೇಕು.