ಸೆಕೆಗೂ ಚಳಿಗೂ ಒಂದೇ ಅಳತೆಗೋಲೆ?

ಮಂಗಳೂರಿನಲ್ಲಿ ಚಳಿಗೆಂದು ಮನೆ ಕಾಯಿಸುವವರಿಲ್ಲ. ನಮ್ಮನ್ನು ಕಾಡುವುದು ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣಮಾಪಕ ತೋರಿಸುವ ಅಂಕೆ ರಾಯಚೂರಿನದಕ್ಕಿಂತ ಕಡಿಮೆಯೇ. ಆದರೆ ಕಡಲಿನ ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಗೇರುಬೀಜದ ಕಾರಖಾನೆಯಲ್ಲಿ ಹಗಲೆಲ್ಲ ದುಡಿದು ಬಂದ ತಾಯಿಗೆ ರಾತ್ರಿ ನಾಲ್ಕು ತಾಸು ನಿದ್ದೆ ಬೇಕಾದರೆ ತಲೆಯ ಮೇಲೆ ಫ್ಯಾನು ತಿರುಗಲೇಬೇಕು. ಇದು ಸುಖಲೋಲುಪತೆಯ ಮಾತಲ್ಲ. ಮರುದಿನ ಕೆಲಸಕ್ಕೆ ಹೋಗುವ ತ್ರಾಣದ ಮಾತು.

ಘಟ್ಟ ಹತ್ತಿದರೆ ಕತೆ ಬೇರೆ. ಕೊಪ್ಪ, ಮೂಡಿಗೆರೆಗಳ ತೋಟದ ಲೈನ್ ಮನೆಗಳಲ್ಲಿ ಡಿಸೆಂಬರ್ ಮುಂಜಾನೆಯ ನೀರಿಗೆ ಕೈಯಿಡಲಾಗದು. ಆಗುಂಬೆಯ ಸುತ್ತಿನಲ್ಲಿ ಮಳೆಗಾಲ ಬಂತೆಂದರೆ ಬಟ್ಟೆಯೂ ಒಣಗದು, ಸೌದೆಯೂ ಒಣಗದು. ಅಲ್ಲಿಯವರಿಗೆ ಬೇಕಾದುದು ಬಿಸಿನೀರು, ಬೆಂಕಿಯ ಕಾವು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ. ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರು - ಈ ನಾಲ್ಕೂ ಜಿಲ್ಲೆಗಳಿಗೆ ವಿದ್ಯುಚ್ಛಕ್ತಿ ಒದಗಿಸುವುದು ಮಂಗಳೂರಿನಲ್ಲಿ ಕಚೇರಿಯುಳ್ಳ ಮೆಸ್ಕಾಂ. ಕಂಪೆನಿ ಒಂದು, ದರಪಟ್ಟಿ ಒಂದು. ಹವೆ ಮಾತ್ರ ಎರಡು.

ಒಂದು ಕಾಲದಲ್ಲಿ ಈ ಲೆಕ್ಕ ಮೀಟರಿಗೆ ಬರುತ್ತಿರಲಿಲ್ಲ. ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರವಿದ್ದವನ ಬಚ್ಚಲ ಹಂಡೆಗೆ ಸೋಗೆ, ಕೊತ್ತಳಿಗೆ, ಗೆರಟೆಗಳೇ ಸಾಕಾಗುತ್ತಿದ್ದುವು. ಸೆಕೆಗೆ ಹಂಚಿನ ಮಾಡಿತ್ತು. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ತೆರೆದಂದಿನಿಂದ ಈ ಊರಿನ ಕಾರ್ಮಿಕರು ನಾಡಿಗೆಲ್ಲ ತಂಪಾದ ಮಾಡು ಮಾಡಿಕೊಟ್ಟರು. ಇಂದು ಆ ಕಾರಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಹಂಚು ಸುಟ್ಟವರ ಮೊಮ್ಮಕ್ಕಳು ಕಾಂಕ್ರೀಟು ತಾರಸಿಯ ಕೆಳಗೆ, ತಗಡಿನ ಶೀಟಿನ ಕೆಳಗೆ ಬಾಡಿಗೆ ಬಿಡಾರಗಳಲ್ಲಿ ಬೇಯುತ್ತಿದ್ದಾರೆ. ಹಿತ್ತಿಲಿಲ್ಲ, ಹಂಡೆಯಿಲ್ಲ, ಹಂಚಿಲ್ಲ. ಹಿತ್ತಿಲು ಪುಕ್ಕಟೆ ಕೊಡುತ್ತಿದ್ದುದನ್ನೆಲ್ಲ ಈಗ ಮೀಟರು ಹಣಕ್ಕೆ ಕೊಡುತ್ತದೆ.

ಎಷ್ಟು ಹಣಕ್ಕೆ? ಓದುಗರು ತಾವೇ ಗುಣಿಸಿ ನೋಡಬಹುದು. ಎರಡು ಹಳೆಯ ಫ್ಯಾನುಗಳು, ತಲಾ 75 ವ್ಯಾಟು, ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 54 ಯೂನಿಟು. ಇದು ಮಂಗಳೂರಿನ ಸೆಕೆಯ ಬೆಲೆ. ಇನ್ನು ಘಟ್ಟದ ಚಳಿ: 15 ಲೀಟರಿನ ಒಂದು ಕೊಡಪಾನ ನೀರನ್ನು 16 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.42 ಯೂನಿಟು ಬೇಕು. ಐದು ಜನರ ಸಂಸಾರಕ್ಕೆ ತಲೆಗೊಂದು ಕೊಡಪಾನವೆಂದರೂ ತಿಂಗಳಿಗೆ 63 ಯೂನಿಟು. ದೀಪ, ಮಿಕ್ಸಿ, ಟಿ.ವಿ.ಗಳ ಲೆಕ್ಕ ಇನ್ನೂ ಹಿಡಿದಿಲ್ಲ.

ಇನ್ನು ಸರಕಾರದ ಅಳತೆಗೋಲನ್ನು ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯನ್ನು ನಾವು ಸ್ವಾಗತಿಸಿದವರು; ಇಂದೂ ಅದರ ಪರವಾಗಿಯೇ ಇದ್ದೇವೆ. ಬಡವನ ಮನೆಯ ದೀಪಕ್ಕೆ ಬೊಕ್ಕಸದ ಹಣ ಹೋದರೆ ನಾಡು ಮುಳುಗಿತೆಂದು ಬೊಬ್ಬೆಯಿಡುವವರ ಜತೆ ನಾವಿಲ್ಲ. ಆದರೆ ಅದರ ಲೆಕ್ಕದಲ್ಲಿ ದೋಷವುಂಟು. 2022-23ರಲ್ಲಿ ಮನೆಯವರು ಬಳಸಿದ್ದರ ತಿಂಗಳ ಸರಾಸರಿ ತೆಗೆದು, ಅದಕ್ಕೆ ಮೊದಲು ಶೇಕಡಾ 10, ಅನಂತರ 2024ರ ಜನವರಿಯ ತೀರ್ಮಾನದಂತೆ ಕಡಿಮೆ ಬಳಕೆಯವರಿಗೆ 10 ಯೂನಿಟು ಸೇರಿಸಿ, ಅಷ್ಟೇ ನಿನ್ನ ಪಾಲು ಎಂದು ಗೊತ್ತುಮಾಡಲಾಯಿತು. ಹಳೆಯ ಲೆಕ್ಕವಿಲ್ಲದ ಹೊಸ ಮನೆಯವನಿಗೆ ರಾಜ್ಯದ ಸರಾಸರಿ 53 ಯೂನಿಟಿಗೆ ಶೇಕಡಾ 10 ಕೂಡಿಸಿ 58. ಪಾಲು ಮೀರಿದರೆ ಹೆಚ್ಚಿನದಕ್ಕೆ ಹಣ. 200 ಮೀರಿದರೆ ಇಡೀ ಬಿಲ್ಲು ತಲೆಯ ಮೇಲೆ.

ಈ 58ನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಡಿ. ಮಂಗಳೂರಿನವನಿಗೆ ಫ್ಯಾನು ತಿರುಗಿಸಿದ ಮೇಲೆ ಉಳಿಯುವುದು 4 ಯೂನಿಟು. ಕೊಪ್ಪದವನಿಗೆ ಮೀಯುವ ನೀರಿಗೇ 5 ಯೂನಿಟು ಕಡಿಮೆ ಬೀಳುತ್ತದೆ. ಹನ್ನೆರಡು ತಿಂಗಳ ಸರಾಸರಿಗೆ ಸೆಕೆಯೂ ಗೊತ್ತಿಲ್ಲ, ಚಳಿಯೂ ಗೊತ್ತಿಲ್ಲ. ಅದಕ್ಕಿಂತಲೂ ದೊಡ್ಡ ಅನ್ಯಾಯ ಇನ್ನೊಂದುಂಟು. 2022ರಲ್ಲಿ ಹಣವಿಲ್ಲದೆ ಫ್ಯಾನು ನಿಲ್ಲಿಸಿ ಮಲಗಿದವನ ಪಾಲು ಕಡಿಮೆ. ಅಂದು ಧಾರಾಳವಾಗಿ ಉರಿಸಿದವನ ಪಾಲು ಹೆಚ್ಚು. ಬಡವನ ಬಡತನವನ್ನೇ ಅಳತೆಗೋಲು ಮಾಡಿ ಅವನಿಗೇ ಅಳೆದು ಕೊಟ್ಟಂತಾಯಿತು!

ದರಪಟ್ಟಿಯ ಕತೆಯೂ ಇಷ್ಟೆ. 2024ರ ಏಪ್ರಿಲಿನಲ್ಲಿ ಹಂತಗಳನ್ನು ತೆಗೆದು ಗೃಹಬಳಕೆಗೆ ಯೂನಿಟಿಗೆ 5 ರೂ. 90 ಪೈಸೆಯ ಒಂದೇ ದರ ಇಟ್ಟರು. ಮರುವರ್ಷ ಯೂನಿಟಿನ ದರ ಕೆಲವು ಪೈಸೆ ಇಳಿಯಿತು, ನಿಗದಿತ ಶುಲ್ಕ ಏರಿತು. ಕೋಣೆ ಕೋಣೆಗೂ ಹವಾನಿಯಂತ್ರಣವಿರುವ ಬಂಗಲೆಯ ಎಂಟುನೂರನೆಯ ಯೂನಿಟಿಗೂ ಬಿಡಾರದ ಅರುವತ್ತನೆಯ ಯೂನಿಟಿಗೂ ಬೆಲೆ ಒಂದೇ. ನಮ್ಮ ಸಣ್ಣ ವ್ಯಾಪಾರಿಯ ಪಾಡು ಇನ್ನೂ ಕಷ್ಟ. ಶೀಟಿನ ಮಾಡಿನ ಚಹಾದಂಗಡಿಯ ಮೀಟರು ವಾಣಿಜ್ಯ ದರದ್ದು. ಅಲ್ಲಿಗೆ ಗೃಹಜ್ಯೋತಿಯ ಬೆಳಕೇ ಬೀಳುವುದಿಲ್ಲ.

ಹವೆಗೆ ತಕ್ಕ ಲೆಕ್ಕ ಸಾಧ್ಯವಿಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳು. 1960ರಲ್ಲಿ ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದ ಮೆಕ್ಸಿಕೋ ದೇಶದಲ್ಲಿ ಬೇಸಗೆಯ ಉಷ್ಣತೆಯನ್ನು ನೋಡಿ, 25 ಡಿಗ್ರಿಯಿಂದ 33 ಡಿಗ್ರಿಯವರೆಗೆ ಪ್ರದೇಶಗಳನ್ನು ವಿಂಗಡಿಸಿ, ಸೆಕೆ ಹೆಚ್ಚಿದಲ್ಲಿ ಬೇಸಗೆಯ ತಿಂಗಳುಗಳಲ್ಲಿ ಕಡಿಮೆ ದರದ ಯೂನಿಟುಗಳನ್ನು ಹೆಚ್ಚು ಕೊಡುವ ಪದ್ಧತಿಯಿದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಏಳು ದಿನ ಒಂದೇ ಸಮನೆ ಉಷ್ಣತೆ ಸೊನ್ನೆಯಲ್ಲಿ ಅಥವಾ ಅದಕ್ಕಿಂತ ಕೆಳಗೆ ನಿಂತರೆ, ಸಹಾಯಧನ ಪಡೆಯುವ ಬಡವರಿಗೆ ಮನೆ ಕಾಯಿಸಲು 25 ಪೌಂಡು ಕೊಡುತ್ತಾರೆ. ಅಷ್ಟು ದೂರ ಯಾಕೆ? ನಮ್ಮದೇ ಸರಕಾರ ಕಲಬುರ್ಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಗೆಯ ಎರಡು ತಿಂಗಳು ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುತ್ತ ಬಂದಿದೆ. ಅದು ನ್ಯಾಯವೇ. ಕಚೇರಿಯಲ್ಲಿ ಕೂತವರ ಸೆಕೆ ವಿಧಾನಸೌಧಕ್ಕೆ ಗೊತ್ತಾಗುವುದಾದರೆ, ಬೀಡಿ ಕಟ್ಟುವ ಹೆಂಗಸಿನ ಸೆಕೆ ಯಾಕೆ ಗೊತ್ತಾಗದು? ತಡ್ಪೆಯ ಹೊಗೆಸೊಪ್ಪಿನ ಪುಡಿ ಹಾರದಿರಲೆಂದು ಹಗಲು ಫ್ಯಾನು ನಿಲ್ಲಿಸಿ ಕೂರುವವಳು ಆಕೆ.

ಸೂರ್ಯನ ಬಿಸಿಲು ಪುಕ್ಕಟೆಯಲ್ಲವೆ ಎಂದು ಉಪದೇಶಿಸುವವರಿಗೂ ಒಂದು ಮಾತು. ಸೌರ ಹೀಟರಿಟ್ಟ ಮನೆಗೆ ಯೂನಿಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಷ್ಟು ರಿಯಾಯಿತಿಯನ್ನು ದರಪಟ್ಟಿ ಬಹುಕಾಲದಿಂದ ಕೊಡುತ್ತ ಬಂದಿದೆ. 2024ರಲ್ಲಿ ಕೇಂದ್ರ ಸರಕಾರ ಮಾಡಿನ ಮೇಲಿನ ಸೌರವಿದ್ಯುತ್ತಿಗೆ 78,000 ರೂಪಾಯಿವರೆಗೆ ಸಹಾಯಧನ ಸಾರಿತು. ಒಳ್ಳೆಯದೇ. ಆದರೆ ಇವೆಲ್ಲ ಮಾಡಿನ ಒಡೆಯನಿಗೆ. ಬಾಡಿಗೆಯವನಿಗೆ ಮಾಡು ಎಲ್ಲಿದೆ? ಅವನ ಪಾಲಿಗೆ ಬರುವುದು ಮಾಡಿನ ಬಿಸಿ ಮಾತ್ರ.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಉಚಿತ ಯೂನಿಟಿನ ಪಾಲನ್ನು ವರ್ಷದ ಸರಾಸರಿಗೆ ಕಟ್ಟಿಹಾಕದೆ ಹವೆಗೂ ತಿಂಗಳಿಗೂ ತಕ್ಕಂತೆ ಗೊತ್ತುಮಾಡಬೇಕು. ಕನಿಷ್ಠಪಕ್ಷ, ಉಳಿದ ತಿಂಗಳಲ್ಲಿ ಬಳಸದ ಯೂನಿಟನ್ನು ಸೆಕೆಯ ಅಥವಾ ಚಳಿಯ ತಿಂಗಳಿಗೆ ಜಮೆ ಹಿಡಿಯಬೇಕು. 200 ಮೀರಿದ ಕೂಡಲೆ ಇಡೀ ಬಿಲ್ಲು ಹೇರುವುದು ನಿಲ್ಲಬೇಕು. ಮೀರಿದ್ದಕ್ಕಷ್ಟೇ ಹಣ ಕೇಳಲಿ. 2015ರಿಂದ ಎಲ್‌ಇಡಿ ಬಲ್ಬುಗಳನ್ನು ಸುಲಭ ಬೆಲೆಗೆ ಹಂಚಿದಂತೆ, 30 ವ್ಯಾಟಿನ ಹೊಸ ಫ್ಯಾನುಗಳನ್ನು ತಿಂಗಳ ಕಂತಿನಲ್ಲಿ ಮೆಸ್ಕಾಂ ಮೂಲಕ ಕೊಡಬೇಕು. ಅದೇ ಎರಡು ಫ್ಯಾನು, ಅದೇ 12 ತಾಸು. ಬಳಕೆ 54ರಿಂದ 22 ಯೂನಿಟಿಗೆ ಇಳಿಯುತ್ತದೆ. ಸರಕಾರಕ್ಕೂ ಲಾಭ, ಸಂಸಾರಕ್ಕೂ ಲಾಭ.

ಘಟ್ಟದವರಿಗೆ ಕೊಟ್ಟರೆ ನಮಗೆ ಕಡಿಮೆಯಾದೀತು, ನಮಗೆ ಕೊಟ್ಟರೆ ಕಲಬುರ್ಗಿಯವರು ಕೇಳಿಯಾರು ಎಂದು ಹೆದರಿಸುವವರು ಬರುತ್ತಾರೆ. ಕೇಳಲಿ, ಕೇಳಲೇಬೇಕು. ತೋಟದ ಕೂಲಿಯ ಚಳಿ ನಮ್ಮ ಸೆಕೆಗೆ ವೈರಿಯಲ್ಲ. ಇಬ್ಬರಿಗೂ ಒಂದೇ ಕೋಲಿನಿಂದ ಅಳೆಯುವ ಕೈ ಮಾತ್ರ ಒಂದೇ.

ದರ ಬದಲಿಸುವ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಕೈಗಾರಿಕೋದ್ಯಮಿಗಳ ಪರ ವಾದಿಸಲು ಬಲ್ಲವರು ಬರುತ್ತಾರೆ. ಬಿಡಾರದವರ ಕುರ್ಚಿ ಖಾಲಿ. ಮುಂದಿನ ವಿಚಾರಣೆಗೆ ಕಾರ್ಮಿಕ ಸಂಘಗಳೂ ಅಂಗಡಿಕಾರರೂ ಒಟ್ಟಿಗೆ ಹೋಗಬೇಕು. ಭಾಷಣ ಬೇಡ. ಮೇ ತಿಂಗಳ ಬಿಲ್ಲನ್ನೂ ಅದೇ ತಿಂಗಳ ಸಂಬಳದ ಚೀಟಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರೆ ಸಾಕು.