‘ಆಗಿ’ ಕಂಡಲ್ಲೆಲ್ಲಾ ‘ಲಿ’ ಸೇರಿಸಬೇಡಿ!

ಕನ್ನಡದಲ್ಲಿ ‘ಆಗಿ’ ಬಂದ್ರೆ ಇಂಗ್ಲಿಷಿನಲ್ಲಿ ‘ಲಿ’ ಸೇರಿಸಿ ಅನ್ನೋ ಸೂತ್ರವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅದು ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣವನ್ನು ಜೋಪಾನವಾಗಿ ಹಚ್ಚುತ್ತಾರೆ. ಇಲ್ಲಿ ‘ಜೋಪಾನವಾಗಿ’ ಹಚ್ಚುವ ಕೆಲಸಕ್ಕೆ ಸೇರಿದ್ದು. ‘ಕೇರ್‌ಫುಲಿ’ ಸರಿ. ಆದರೆ ‘ಗೊಂಬೆ ಚೆಂದವಾಗಿ ಕಾಣುತ್ತದೆ’ ಅಂದಾಗ ಗೊಂಬೆ ಏನೂ ಕೆಲಸ ಮಾಡ್ತಿಲ್ವಲ್ಲ! ಚೆಂದ ಗೊಂಬೆಯದು. ಅದಕ್ಕೇ ‘ಲುಕ್ಸ್ ಬ್ಯೂಟಿಫುಲ್’, ‘ಬ್ಯೂಟಿಫುಲಿ’ ಅಲ್ಲ. ‘ಲಿ’ ಸೇರಿಸುವ ಮೊದಲು ‘ಮಾತು ವಸ್ತುವಿನದೋ, ಕೆಲಸದ್ದೋ?’ ಅಂತ ಕೇಳಿಕೊಳ್ಳಬೇಕು.

ಕೆಲಸದ್ದಾದರೂ ಒಮ್ಮೊಮ್ಮೆ ‘ಲಿ’ ಕೈಕೊಡುತ್ತೆ. ಅಪ್ಪ ಕಷ್ಟಪಟ್ಟು ದುಡೀತಾರೆ ಅನ್ನೋಕೆ ನಾನು ‘ಹಾರ್ಡ್’ ಬಿಟ್ಟು ‘ಹಾರ್ಡ್ಲಿ’ ಬರೆದಿದ್ದೆ. ಹಾಗಂದ್ರೆ ಹೆಚ್ಚುಕಮ್ಮಿ ದುಡಿಯೋದೇ ಇಲ್ಲ ಅನ್ನೋ ಅರ್ಥವಂತೆ! ರಾತ್ರಿ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕೋ ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.