ಸಾರಣೆ ಆಗುವ ಮೊದಲು ಒಂದು ಪೈಪು

ಮಳೆ ನಿಂತು ನಮ್ಮ ಕಡೆ ಮನೆ ಕಟ್ಟುವ ಕೆಲಸ ಮತ್ತೆ ಸುರುವಾಗಿದೆ. ಶಿರ್ವ, ಬೆಳ್ಮಣ್, ನಿಟ್ಟೆ, ಬೈಲೂರು, ಯಾವ ದಾರಿಯಲ್ಲಿ ಹೋದರೂ ಬದಿಯಲ್ಲಿ ಕೆಂಪು ಕಲ್ಲು, ಜಲ್ಲಿ ರಾಶಿ ಬಿದ್ದಿದೆ. ಈ ವರ್ಷ ಮನೆ ಕಟ್ಟುವವರಿಗೆ ನನ್ನದು ಒಂದೇ ಮಾತು. ಗೋಡೆ ಸಾರಣೆ ಆಗುವ ಮೊದಲು ಇಂಟರ್‌ನೆಟ್ಟಿಗೆ ಅಂತಲೇ ಬೇರೆ ಪೈಪು ಹಾಕಿಸಿ. ಕರೆಂಟಿನ ಪೈಪಿನ ಒಳಗೆ ತುರುಕುವುದಲ್ಲ, ಬೇರೆಯೇ. ವಯರು ಈಗ ಎಳೆಯದಿದ್ದರೂ ಅಡ್ಡಿಲ್ಲ, ಪೈಪು ಇರಲಿ.

"ಈಗ ಎಲ್ಲ ವೈಫೈ ಅಲ್ವಾ ಮಾರಾಯ್ರೆ, ವಯರು ಎಂಥದಕ್ಕೆ?" ಅಂತ ಕೇಳುವವರು ಇದ್ದಾರೆ. ತೋಟಕ್ಕೆ ನೀರು ಬಿಡುವ ನಮಗೆ ಇದು ಅರ್ಥ ಆಗದ ವಿಷಯ ಅಲ್ಲ. ವೈಫೈ ಅಂದರೆ ಸ್ಪ್ರಿಂಕ್ಲರ್ ಜೆಟ್ಟಿನ ಹಾಗೆ. ಅದು ಎಸೆಯುವಷ್ಟು ದೂರ ಮಾತ್ರ ನೀರು. ನಡುವೆ ಮರ ಅಡ್ಡ ಬಂದರೆ ಆಚೆ ಬದಿ ಒಣ. ಆ ಬದಿಗೂ ನೀರು ಬೇಕಾದರೆ ಪಂಪಿನ ಎಚ್‌ಪಿ ಏರಿಸಿ ಪ್ರಯೋಜನ ಇಲ್ಲ, ಪೈಪು ಮುಂದೆ ಎಳೆದು ಇನ್ನೊಂದು ಜೆಟ್ಟು ಕೂರಿಸಬೇಕು. ಮನೆಯೊಳಗೂ ಅಷ್ಟೇ. ಹೆಚ್ಚು ದುಡ್ಡಿನ ಪ್ಲಾನ್ ಹಾಕಿಸಿದ ಕೂಡಲೇ ಮೇಲಿನ ಕೋಣೆಗೆ ಸಿಗ್ನಲ್ ಬರುವುದಿಲ್ಲ. ಕೆಲವರು ರಿಪೀಟರ್ ತಂದು ಸಿಕ್ಕಿಸುತ್ತಾರೆ. ಒಂದು ಜೆಟ್ಟಿನಿಂದ ಬಿದ್ದ ನೀರನ್ನು ಕೊಡಪಾನದಲ್ಲಿ ಹಿಡಿದು ಇನ್ನೊಂದು ಗಿಡಕ್ಕೆ ಹೊಯ್ದರೆ ಎಷ್ಟು ಸಿಗ್ತದೋ ಅಷ್ಟೇ ಅದರಲ್ಲೂ ಸಿಗುವುದು.

ನಮ್ಮ ಮನೆಗಳ ಗೋಡೆ ದಪ್ಪ. ಕೆಂಪು ಕಲ್ಲು, ಅದರ ಮೇಲೆ ಎರಡು ಬದಿ ಸಿಮೆಂಟು, ಮಹಡಿಗೆ ಕಬ್ಬಿಣ ತುಂಬಿದ ಸ್ಲ್ಯಾಬು. ಮೋಡೆಮಿನಲ್ಲಿ 2.4 ಮತ್ತು 5 ಅಂತ ಎರಡು ಬರ್ತದಲ್ಲ, ಅದರಲ್ಲಿ 5 ವೇಗದ್ದು, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. 2.4 ದೂರ ಹೋಗ್ತದೆ, ವೇಗ ಇಲ್ಲ. ಮಳೆಗಾಲದಲ್ಲಿ ಗೋಡೆ ನೀರು ಕುಡಿದು ಕೂತರೆ ಎರಡೂ ಇನ್ನಷ್ಟು ಸೊರಗ್ತದೆ.

ಗ್ರಾಮ ಪಂಚಾಯತುಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಈಗ ಅದಕ್ಕೆ ಭಾರತ್‌ನೆಟ್ ಅಂತ ಹೆಸರು. ಖಾಸಗಿಯವರ ಫೈಬರ್ ಕೂಡ ನಮ್ಮ ಅನೇಕ ಹಳ್ಳಿಗಳ ಕಂಬದವರೆಗೆ ಬಂದಿದೆ. ಕಂಬದಿಂದ ಗೋಡೆಯವರೆಗೆ ಅವರು ಎಳೆದು ಕೊಡ್ತಾರೆ. ಗೋಡೆಯಿಂದ ಒಳಗಿನದ್ದು ನಮ್ಮ ಜವಾಬ್ದಾರಿ. ಅದನ್ನು ಯೋಚಿಸದ ಮನೆಯಲ್ಲಿ ಏನಾಗ್ತದೆ? ಒಕ್ಕಲಾಗಿ ವಾರದ ನಂತರ ಫೈಬರಿನ ಹುಡುಗ ಬರ್ತಾನೆ, ಹೊಸ ಸಾಗುವಾನಿ ಕಿಟಕಿಯ ದಾರಂದಕ್ಕೆ ಡ್ರಿಲ್ ಹಾಕ್ತಾನೆ, ಚಾವಡಿಯ ಮೂಲೆಯಲ್ಲಿ ಟಿವಿ ಪಕ್ಕ ಮೋಡೆಮ್ ಇಟ್ಟು ಹೋಗ್ತಾನೆ. ಅವನ ತಪ್ಪಲ್ಲ, ಅವನಿಗೆ ಬೇರೆ ದಾರಿ ನಾವು ಇಟ್ಟಿಲ್ಲ.

ಹಾಗಾದರೆ ಎಲ್ಲೆಲ್ಲಿ ಪೈಪು ಬೇಕು? ಮೊದಲು ಮನೆಯ ನಡುವಿನಲ್ಲಿ ಒಂದು ಜಾಗ ಗೊತ್ತು ಮಾಡಿ. ಮೆಟ್ಟಿಲಿನ ಬದಿಯ ಗೋಡೆ ಒಳ್ಳೆಯದು. ಇನ್‌ವರ್ಟರ್ ಲೈನಿನ ಎರಡು ಪ್ಲಗ್ ಅಲ್ಲಿ ಇರಲಿ. ಕಬ್ಬಿಣದ ಪೆಟ್ಟಿಗೆಯೊಳಗೆ ಮೋಡೆಮ್ ಇಟ್ಟರೆ ಸಿಗ್ನಲ್ ಅಲ್ಲೇ ಸಾಯ್ತದೆ, ಬಯಲಾಗಿ ಇರಲಿ. ಅಲ್ಲಿಂದ ಒಂದು ಪೈಪು ಹೊರಗೆ ಸನ್‌ಶೇಡಿನ ಅಡಿಗೆ, ಒಂದು ಟಿವಿಯ ಹಿಂದೆ, ಒಂದು ಮಹಡಿಯ ಹಾಲಿನ ಮಾಡಿಗೆ, ಒಂದು ಮಕ್ಕಳು ಕೂತು ಕೆಲಸ ಮಾಡುವ ಕೋಣೆಗೆ, ಎರಡು ಅಂಗಳದ ಕ್ಯಾಮೆರಾಗಳಿಗೆ. ಮತ್ತೊಂದು ನೆಲದಡಿಯಲ್ಲಿ ಪಂಪ್ ಶೆಡ್ಡಿಗೆ ಅಥವಾ ಹಟ್ಟಿಗೆ. ಒಂದು ಇಂಚಿನದ್ದೇ ಹಾಕಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದದ ಬೆಂಡ್ ಹಾಕಿಸಿ. ಇಲ್ಲದಿದ್ದರೆ ವಯರು ಸಿಕ್ಕಿಬೀಳ್ತದೆ, ಫೈಬರ್ ತುಂಡಾಗ್ತದೆ. ಕರೆಂಟಿನ ಪೈಪಿನಿಂದ ಒಂದಡಿ ದೂರ ಇರಲಿ, ದಾಟುವಲ್ಲಿ ಅಡ್ಡಕ್ಕೆ ನೇರ ದಾಟಲಿ. ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟು ಎರಡು ತುದಿ ಕಟ್ಟಿಡಿ.

ಹೊರಗಿನ ಬಾಯಿ ಕೆಳಮುಖ ಇರಬೇಕು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ಪೈಪು ಒಳಗೆ ಇಳಿಜಾರಾಗಿದ್ದರೆ ನೀರು ಸೀದಾ ಚಾವಡಿಗೆ. ಬಾಯಿ ಮುಚ್ಚದಿದ್ದರೆ ಕುಂಬಾರ ಹುಳ ಮಣ್ಣು ತುಂಬಿಸಿ ಗೂಡು ಕಟ್ಟುವುದು ಖಂಡಿತ.

ಮನೆಯೊಳಗಿನ ವಯರು ಕ್ಯಾಟ್ 6 ಸಾಕು, ಆದರೆ ಪೂರ್ತಿ ತಾಮ್ರದ್ದೇ ಆಗಬೇಕು. ಅಲ್ಯುಮಿನಿಯಮಿಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗ್ತದೆ. ಕತ್ತಿಯ ಮೊನೆಯಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕಾಪು, ಪಡುಬಿದ್ರಿ ಕಡೆಯ ಉಪ್ಪು ಗಾಳಿಗೆ ಹೊರಗಿನ ಜಾಯಿಂಟುಗಳು ಬೇಗ ಹಾಳಾಗ್ತವೆ, ಅಲ್ಲಿಯವರು ಕ್ಯಾಮೆರಾದ ಜಾಯಿಂಟನ್ನು ಮುಚ್ಚಳ ಇರುವ ಪೆಟ್ಟಿಗೆಯೊಳಗೆ ಇಡಬೇಕು.

ಕಾರ್ಕಳದ ಕಡೆಯವರು, ಘಟ್ಟದ ಬುಡದವರು, ಇದನ್ನು ಎರಡು ಸಲ ಓದಿ. ನಮ್ಮಲ್ಲಿ ಯಂತ್ರ ಸುಡುವುದು ಹೆಚ್ಚಾಗಿ ಸಿಡಿಲಿಗೆ. ಎಪ್ರಿಲ್, ಮೇ ಸಂಜೆಗಳದ್ದು ಒಂದು, ದಸರಾ ದೀಪಾವಳಿ ಹೊತ್ತಿನದ್ದು ಇನ್ನೊಂದು. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಗುಡುಗು ಕೇಳಿದ ಕೂಡಲೇ ಫೋನಿನ ವಯರು ಕಿತ್ತು ಇಡುತ್ತಿದ್ದೆವು. ಸಿಡಿಲು ಮನೆಗೇ ಬೀಳಬೇಕಂತ ಇಲ್ಲ, ಹತ್ತಿರದ ತೆಂಗಿಗೆ ಬಿದ್ದರೂ ಉದ್ದದ ತಾಮ್ರದ ವಯರಿನಲ್ಲಿ ಆ ಹೊಡೆತ ಹರಿದು ಬರ್ತದೆ. ಹಾಗಾಗಿ ಗೇಟು, ಪಂಪ್ ಶೆಡ್, ಹಟ್ಟಿ ಇಂಥ ಹೊರಗಿನ ಜಾಗಕ್ಕೆ ತಾಮ್ರ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಫೈಬರ್ ಎಳೆಯಿರಿ. ಅದು ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕಾಗ್ತದೆ, ಅಷ್ಟೇ. ತಾಮ್ರವಾದರೆ 100 ಮೀಟರಿಗೆ ಮಿತಿ ಕೂಡ ಉಂಟು, ನಮ್ಮ ಎಷ್ಟೋ ಬಾವಿಗಳು ಅದಕ್ಕಿಂತ ದೂರ.

ಒಂದು ಎಚ್ಚರಿಕೆ. ಕಂಬದಿಂದ ಬರುವ ಫೈಬರಿನಲ್ಲಿ ತೂಗಿ ಕಟ್ಟಲಿಕ್ಕೆ ಅಂತ ಹೆಚ್ಚಾಗಿ ಒಂದು ಉಕ್ಕಿನ ತಂತಿ ಇರ್ತದೆ. ಆ ತಂತಿಯನ್ನು ಮಾಡಿನ ಹೊರಗೇ ಬಿಗಿದು ಕಡಿಯಲು ಹೇಳಿ. ಇಲ್ಲದಿದ್ದರೆ ಗಾಜಿನ ಜೊತೆ ಸಿಡಿಲಿಗೂ ದಾರಿ ಮಾಡಿಕೊಟ್ಟ ಹಾಗೆ. ಮನೆಯ ಅರ್ತಿಂಗ್ ಸರಿ ಇರಬೇಕು, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಹತ್ತಿರದ ಸಿಡಿಲಿಗೆ ಪೂರ್ತಿ ಭರವಸೆ ಇಲ್ಲ, ಪ್ಲಗ್ ಕೀಳುವುದೇ ಮದ್ದು. ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇದ್ದರೆ ಅವರ ಕೈಗೆ ಎಟಕುವ ಎತ್ತರದಲ್ಲಿ ಪ್ಲಗ್ ಇರಬೇಕು, ಗುಡುಗು ಸುರುವಾಗುವ ಮೊದಲೇ ಕೀಳಬೇಕು ಅಂತ ಅವರಿಗೆ ಹೇಳಿಟ್ಟಿರಬೇಕು. ಫಾಲ್ಸ್ ಸೀಲಿಂಗಿನ ಮೇಲೆ ಅಡಗಿಸಿಟ್ಟರೆ ಯಾರು ಏಣಿ ಹತ್ತುವುದು?

ಇಷ್ಟು ಹೇಳಲಿಕ್ಕೆ ಕಾರಣ ಉಂಟು. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೊರಗೆ. ಹೊಸ ಮನೆಯಲ್ಲಿ ಇರುವುದು ಇಬ್ಬರು ಮುದುಕರು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಊರಿಗೆ ಬಂದಾಗ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿರಬಹುದು. ಕೆಲವರಿಗೆ ಈಗಲೂ ತಿಂಗಳಲ್ಲಿ ಹತ್ತು ದಿನ ಮನೆಯಿಂದ ಕೆಲಸ ಮಾಡುವ ಅವಕಾಶ ಉಂಟು. ಕೊಯ್ಲಿನ ಹೊತ್ತಿಗೆ, ಔಷಧಿ ಬಿಡುವ ಹೊತ್ತಿಗೆ ಅವರು ಊರಲ್ಲಿದ್ದರೆ ತೋಟ ಉಳಿದೀತು. ಮೀಟಿಂಗ್ ನಡುವೆ ಕಟ್ಟಾಗುವ ಮನೆಗೆ ಯಾರೂ ಹತ್ತು ದಿನ ಬರುವುದಿಲ್ಲ, ಎರಡು ದಿನ ಬಂದು ಹೋಗ್ತಾರೆ. ಮಣಿಪಾಲದ ಆಸ್ಪತ್ರೆಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕಾ ಬೇಡ್ವಾ ಅಂತ ವಿಡಿಯೋದಲ್ಲಿ ಮುಖ ನೋಡಿ ನಿರ್ಧರಿಸುವ ಮಕ್ಕಳು ಇದ್ದಾರೆ. ಮರ ಬಿದ್ದು ಕರೆಂಟು ಹೋದ ರಾತ್ರಿಯೂ ಆ ಕರೆ ಹೋಗಬೇಕು. ಅದಕ್ಕೇ ಇನ್‌ವರ್ಟರ್ ಲೈನು ಅಂದದ್ದು.

ಕ್ಯಾಮೆರಾದ ಬಗ್ಗೆ ಒಂದು ಮಾತು. ಅಂಗಳಕ್ಕೆ, ಗೇಟಿಗೆ ಇರಲಿ. ಅಪ್ಪ ಅಮ್ಮ ಕೂರುವ ಚಾವಡಿಗೆ ಅವರನ್ನು ಕೇಳದೆ ಹಾಕಬೇಡಿ.

ಮೂರು ಕೋಣೆಯ ಹೆಂಚಿನ ಮನೆಗೆ ಇಷ್ಟೆಲ್ಲ ಬೇಡ, ನಡುವಿನಲ್ಲಿ ಒಂದು ಮೋಡೆಮ್ ಸಾಕು. ಎರಡು ಮಹಡಿ ಏರಿಸುವವರಿಗೆ ನಾನು ಹೇಳುವುದು. ಎದುರು ಬಾಗಿಲಿನ ಕೆತ್ತನೆಗೆ ಕೊಡುವ ದುಡ್ಡಿನ ಸಣ್ಣ ಪಾಲು ಈ ಪೈಪಿಗೆ ಸಾಕು. ಮೋಡೆಮ್ ಐದಾರು ವರ್ಷಕ್ಕೆ ಬದಲಾಗ್ತದೆ, ಗೋಡೆ ಒಡೆಯಲಿಕ್ಕೆ ಆಗುವುದಿಲ್ಲ.

ಪೈಪು ಕೂರಿಸಿದ ಮೇಲೆ, ಸಾರಣೆಗೆ ಮೊದಲು, ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗ್ತದೆ. ಯಾರದ್ದಾದರೂ ಗೋಡೆ ಎದ್ದು ಸಾರಣೆ ಬಾಕಿ ಉಂಟಾದರೆ ತಿಳಿಸಿ. ನಿಮ್ಮ ಮೇಸ್ತ್ರಿ, ಎಲೆಕ್ಟ್ರಿಷಿಯನ್ ಇಬ್ಬರೂ ಇರುವ ದಿನ ಬರ್ತೇನೆ, ಒಟ್ಟಿಗೆ ನೋಡುವ.